ಅರ್ಧ ಟಿಕೆಟ್ಟಿನ ಲೆಕ್ಕ: ಡಿಸ್ಲೆಕ್ಸಿಯಾ ಇರುವ ಒಬ್ಬ ಹುಡುಗನಿಗೆ ನೆರವು ತಲುಪಿದ ಬಗೆ

2023ರ ಜುಲೈ ತಿಂಗಳ ಮೊದಲ ವಾರ. ನಂಜನಗೂಡಿನಿಂದ ಗುಂಡ್ಲುಪೇಟೆ ಕಡೆಗೆ ಹೋಗುವ ರಸ್ತೆಯ ಒಂದು ಊರಿನ ಸರಕಾರಿ ಶಾಲೆಯಿಂದ ಮೇಷ್ಟ್ರೊಬ್ಬರು ನಮ್ಮ ಟ್ರಸ್ಟಿನ ಕೊಠಡಿಗೆ ಬಂದು, ಐದನೇ ತರಗತಿಯ ಹುಡುಗನೊಬ್ಬನ ಉಕ್ತಲೇಖನದ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಹತ್ತು ಪದ ಹೇಳಿ ಬರೆಸಿದ್ದರು. 'ಹಾಲು' ಅಂದದ್ದಕ್ಕೆ ಹುಡುಗ 'ಹಲು' ಎಂದು ಬರೆದಿದ್ದ. 'ಹಣ್ಣು' ಹೋಗಿ 'ಹಣು' ಆಗಿತ್ತು, 'ಅಕ್ಕ' ಹೋಗಿ 'ಅಕಕ', 'ಸ್ನೇಹ' ಹೋಗಿ 'ಸೇನಹ'. 'ಸೂರ್ಯ' ಎಂಬ ಪದವನ್ನು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿ, ಕೊನೆಗೆ ಆ ಸಾಲಿನಲ್ಲಿ ಒಂದು ಪುಟ್ಟ ಸೂರ್ಯನ ಚಿತ್ರ ಬಿಡಿಸಿದ್ದ.

"ಪಾಠ ನಾನು ಓದಿ ಹೇಳಿದ್ರೆ ಕ್ಲಾಸಿನಲ್ಲಿ ಮೊದಲು ಉತ್ತರ ಕೊಡೋನು ಇವನೇ ಮೇಡಂ. ನೀನೇ ಓದು ಅಂದ್ರೆ ತಲೆ ಎತ್ತಲ್ಲ" ಎಂದರು ಮೇಷ್ಟ್ರು.

ಈ ಮಾತು ನನಗೆ ಹೊಸದಾಗಿರಲಿಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಹುಡುಗನೊಬ್ಬನ ಪ್ರಕರಣವನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಗೆಲ್ಲ ಇವನೇ ಜಾಣನಾಗುತ್ತಿದ್ದ ಎಂದು ಆ ಹುಡುಗನ ಮೇಷ್ಟ್ರು ಹೇಳಿದ್ದನ್ನೂ ಅದರಲ್ಲಿ ಬರೆದಿದ್ದಾನೆ. ಬುದ್ಧಿ ಚುರುಕಾಗಿದ್ದರೂ ಓದು, ಬರಹ ಮಾತ್ರ ಕೈಗೆ ಹತ್ತದ ಈ ತೊಡಕೇ ಡಿಸ್ಲೆಕ್ಸಿಯಾ. ಅದರ ಕುರಿತ ತೀರ ಹಳೆಯ ದಾಖಲೆಗಳಲ್ಲಿ ಅದೊಂದು. ನೂರಿಪ್ಪತ್ತೇಳು ವರ್ಷದ ಬಳಿಕ ನಮ್ಮ ಮೇಷ್ಟ್ರು ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದರು.

ಆ ಹುಡುಗನಿಗೆ ಎರಡು ವರ್ಷ ನಾವು ಕೊಟ್ಟ ನೆರವಿನ ವರದಿ ಇದು. ದಾನದ ಹಣ ಎಲ್ಲಿ ಹೋಯಿತು, ಎಲ್ಲಿ ಮಗುವಿಗೆ ಮುಟ್ಟಿತು, ಎಲ್ಲಿ ಮುಟ್ಟಲಿಲ್ಲ ಎಂಬುದನ್ನು ಇದೇ ಕೆಲಸ ಮಾಡುವ ಬೇರೆಯವರಿಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಹುಡುಗನ ಹೆಸರನ್ನಾಗಲಿ, ಊರಿನ ಮತ್ತು ಶಾಲೆಯ ಹೆಸರನ್ನಾಗಲಿ ಬರೆದಿಲ್ಲ. ಕಾರಣ ಮುಂದೆ ಬರುತ್ತದೆ.

ಹುಡುಗ

ತಾಯಿ ಕೂಲಿಗೆ ಹೋಗುತ್ತಾರೆ. ತಂದೆ ಬೇರೆಯವರ ಟ್ರಾಕ್ಟರ್ ಓಡಿಸುತ್ತಾರೆ. ಮನೆಯಲ್ಲಿ ಒಬ್ಬಳು ಅಕ್ಕ, ಅವಳಿಗೆ ಓದಿನಲ್ಲಿ ತೊಂದರೆಯಿಲ್ಲ. ಹುಡುಗ ಒಂದನೇ ತರಗತಿ ಮುಗಿಸುವ ಹೊತ್ತಿಗೆ, 2020ರ ಮಾರ್ಚಿನಲ್ಲಿ, ಶಾಲೆಗಳು ಮುಚ್ಚಿದವು. ಒಂದರಿಂದ ಐದನೇ ತರಗತಿಗಳು ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಇವನು ಮೂರನೇ ತರಗತಿಯಲ್ಲಿದ್ದ. ಚಿಕ್ಕ ತರಗತಿಗಳ ನಲಿಕಲಿ ಕ್ರಮದಲ್ಲಿ ಮೊದಲು ಕಲಿಸುವ 'ರ ಗ ಸ ದ ಅ', 'ಜ ವ ಮ ಬ ನ' ಅಕ್ಷರಗಳ ಗುಂಪುಗಳು ಹೇಗೋ ಆಗಿದ್ದವು. ಗುಣಿತ, ಒತ್ತಕ್ಷರ ಗಟ್ಟಿಯಾಗಬೇಕಾಗಿದ್ದ ಕಾಲವೆಲ್ಲ ಮನೆಯಲ್ಲೇ ಕಳೆದುಹೋಗಿತ್ತು.

ಹಾಗಾಗಿ ಎಲ್ಲರೂ ಕೊರೊನಾ ಕಡೆ ಬೆರಳು ತೋರಿಸಿದರು. ಅದು ತಪ್ಪೂ ಅಲ್ಲ. ಕಲಿಸದೆ ಬಾರದಿದ್ದರೆ ಅದನ್ನು ಡಿಸ್ಲೆಕ್ಸಿಯಾ ಎನ್ನಲಾಗುವುದಿಲ್ಲ, ಸರಿಯಾಗಿ ಕಲಿಸಿದ ಮೇಲೂ ಬಾರದಿದ್ದರೆ ಆಗ ಯೋಚಿಸಬೇಕು. ಈ ಪ್ರಕರಣದಲ್ಲಿ ನಮಗೆ ದಾರಿ ತೋರಿಸಿದ್ದು 2022-23ರ ಕಲಿಕಾ ಚೇತರಿಕೆಯ ವರ್ಷ. ಆ ವರ್ಷ ಅವನ ತರಗತಿಯ ಮಕ್ಕಳೆಲ್ಲ ಒಂದೇ ಕೊಠಡಿಯಲ್ಲಿ, ಒಬ್ಬರೇ ಮೇಷ್ಟ್ರ ಕೈಯಲ್ಲಿ, ಹಿಂದಿನ ತರಗತಿಗಳ ಪಾಠವನ್ನು ಮತ್ತೆ ಕಲಿತಿದ್ದರು. ವರ್ಷದ ಕೊನೆಗೆ ಹೆಚ್ಚಿನವರು ಸಣ್ಣ ಕತೆ ಓದುವಷ್ಟಾದರು. ಇವನು ಇದ್ದಲ್ಲೇ ಇದ್ದ. ಮೇಷ್ಟ್ರು ಇದನ್ನು ಗಮನಿಸಿ ಬರೆದಿಟ್ಟುಕೊಂಡಿದ್ದರು. ಈ ಇಡೀ ಪ್ರಕರಣದಲ್ಲಿ ಅತಿ ಬೆಲೆಯುಳ್ಳ ಕೆಲಸ ಅದೇ ಎಂದು ನಾನು ಈಗಲೂ ನಂಬಿದ್ದೇನೆ. ಅದಕ್ಕೆ ಯಾರೂ ಒಂದು ಪೈಸೆ ಕೊಟ್ಟಿರಲಿಲ್ಲ.

ತಾಯಿ ಮೊದಲ ದಿನ ಹೇಳಿದ ಮಾತು ಇದು: "ನಮ್ ಐದ (ಹುಡುಗ) ದಡ್ಡ ಅಲ್ಲ ಕಣ್ರಮ್ಮ. ಸಂತೇಲಿ ಲೆಕ್ಕ ಒಂದ್ ರೂಪಾಯಿ ತಪ್ಪಲ್ಲ. ಅಕ್ಸರ ಕಂಡ್ರೆ ಮಾತ್ರ ಹಿಂಗಾಯ್ತಾನೆ."

ತಪಾಸಣೆ

ಮೊದಲು ಕಣ್ಣು, ಕಿವಿ. ಎರಡೂ ಸರಿಯಿದ್ದವು. ಆಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ನಮ್ಮ ಕಡೆಯವರು 'ಆಯಿಷ್' ಎಂದೇ ಕರೆಯುವ, 1965ರಲ್ಲಿ ಶುರುವಾದ ಸಂಸ್ಥೆ. ಕನ್ನಡದಲ್ಲಿ ಓದಿಸಿ, ಬರೆಸಿ, ಕೇಳಿಸಿ ನೋಡುವವರು ಹತ್ತಿರದಲ್ಲೇ ಇರುವುದು ಮೈಸೂರು ಸೀಮೆಯ ಮಕ್ಕಳ ಪುಣ್ಯ. ಇಂಗ್ಲಿಷಿನ ಪರೀಕ್ಷೆಯನ್ನು ಕನ್ನಡ ಮಾಧ್ಯಮದ ಮಗುವಿನ ಮೇಲೆ ಹೇರಿದರೆ ಏನೂ ತಿಳಿಯುವುದಿಲ್ಲ.

ಎರಡು ಸಲ ಹೋಗಿಬರಬೇಕಾಯಿತು. ಬುದ್ಧಿಮಟ್ಟ ವಯಸ್ಸಿಗೆ ತಕ್ಕಂತಿತ್ತು. ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಚುರುಕು. ಓದು ಮತ್ತು ಬರಹ ಒಂದನೇ ತರಗತಿಯ ಮಟ್ಟದಲ್ಲಿದ್ದವು. ಪದವನ್ನು ಧ್ವನಿಗಳಾಗಿ ಒಡೆಯುವುದು ಅವನಿಗೆ ಆಗುತ್ತಿರಲಿಲ್ಲ. 'ಮರ' ಎಂಬುದರಲ್ಲಿ 'ಮ' ತೆಗೆದರೆ ಏನು ಉಳಿಯುತ್ತದೆ ಎಂದು ಕೇಳಿದರೆ "ಕೊಂಬೆ" ಎಂದ. ನಗುವಂಥ ಉತ್ತರ ಇದಲ್ಲ. ಅವನು ಪದವನ್ನು ಕೇಳಿದ ಕೂಡಲೇ ಅರ್ಥದ ಕಡೆ ಹೋಗಿದ್ದ, ಸದ್ದಿನ ಕಡೆ ಕಿವಿ ತಿರುಗಲೇ ಇಲ್ಲ.

ಮನೆತನದ ವಿಚಾರ ಕೇಳುವಾಗ ತಂದೆ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ತಾವೂ ನಾಲ್ಕನೇ ತರಗತಿಗೆ ಶಾಲೆ ಬಿಟ್ಟದ್ದು ಇದೇ ಕಾರಣಕ್ಕೆ ಎಂದರು. ಡಿಸ್ಲೆಕ್ಸಿಯಾ ಮನೆತನದಲ್ಲಿ ಹರಿದು ಬರುವುದು ಸಾಮಾನ್ಯ. ತಾವು ಓಡಿಸಿದ ಗಂಟೆಗಳನ್ನು ತಂದೆ ಒಂದು ಪುಸ್ತಕದಲ್ಲಿ ಗೀಟು ಎಳೆದು ಗುರುತಿಡುತ್ತಾರೆ. ಯಾರ ಹೊಲ ಎಂಬುದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಗುರುತು: ಬಾವಿ ಇದ್ದವರಿಗೆ ಸೊನ್ನೆ, ತೆಂಗಿನ ಮರ ಇದ್ದವರಿಗೆ ಒಂದು ಗೆರೆ ಮತ್ತು ಮೇಲೆ ನಾಲ್ಕು ಕಡ್ಡಿ.

ಪ್ರಮಾಣಪತ್ರದ ಕತೆ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಒಪ್ಪಿಕೊಂಡಿದೆ. ಅದರಲ್ಲಿ 'ನಿರ್ದಿಷ್ಟ ಕಲಿಕಾ ನ್ಯೂನತೆ'ಯೂ ಒಂದು, ಡಿಸ್ಲೆಕ್ಸಿಯಾ ಬರುವುದು ಅದರ ಅಡಿಯಲ್ಲಿ. ಅದನ್ನು ಅಳೆದು ಪ್ರಮಾಣಪತ್ರ ಕೊಡುವ ಕ್ರಮ 2018ರ ಜನವರಿ 4ರ ಅಧಿಸೂಚನೆಯಲ್ಲಿ ಬಂತು. ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ದಾಖಲಾದರೆ ಮುಂದೆ ಬೇಕಾಗುವ ಸವಲತ್ತುಗಳಿಗೆ ಆಧಾರ ಸಿಗುತ್ತದೆ. ಕಾಗದದ ಮೇಲೆ ಇದು ಸಲೀಸು. ನಾವು ಹೋದ ಸರಕಾರಿ ಆಸ್ಪತ್ರೆಯಲ್ಲಿ ಒಂದು ದಿನ ಮಕ್ಕಳ ವೈದ್ಯರು ರಜೆ, ಇನ್ನೊಂದು ದಿನ ಮನಃಶಾಸ್ತ್ರಜ್ಞರು ಬೇರೆ ಕಡೆ ಡ್ಯೂಟಿ, ಮೂರನೇ ದಿನ ಕಂಪ್ಯೂಟರ್ ಕೈಕೊಟ್ಟಿತು. ನಾಲ್ಕನೇ ಸಲಕ್ಕೆ ಆಯಿತು. ಆ ನಾಲ್ಕು ದಿನವೂ ತಾಯಿಯ ಕೂಲಿ ಹೋಯಿತು. ಇದನ್ನು ನಾನು ಆಗ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೊದಲ ಐದು ತಿಂಗಳು

ಆಗಸ್ಟ್‌ನಲ್ಲಿ ಪಾಠ ಶುರುವಾಯಿತು. ವಾರಕ್ಕೆ ಎರಡು ದಿನ ಮಧ್ಯಾಹ್ನ ತಾಯಿ ಹುಡುಗನನ್ನು ಪಟ್ಟಣದ ನಮ್ಮ ಕೇಂದ್ರಕ್ಕೆ ಕರೆತರಬೇಕು ಎಂದು ಮಾತಾಗಿತ್ತು. ಅದೇ ಜೂನ್ 11ರಿಂದ ಶಕ್ತಿ ಯೋಜನೆ ಬಂದಿತ್ತು, ತಾಯಿಗೆ ಟಿಕೆಟ್ ಇಲ್ಲ. ಹುಡುಗನಿಗೆ ಹನ್ನೆರಡು ತುಂಬಿಲ್ಲ, ಅರ್ಧ ಟಿಕೆಟ್. ಅದನ್ನು ಟ್ರಸ್ಟ್ ಕೊಡುತ್ತದೆ. ಹಾಗಾಗಿ ಓಡಾಟದ ಖರ್ಚು ಮುಗಿಯಿತು ಎಂದುಕೊಂಡೆವು.

ಐದು ತಿಂಗಳಲ್ಲಿ ಆಗಬೇಕಿದ್ದದ್ದು 40 ಪಾಠ. ಹುಡುಗ ಬಂದದ್ದು 17ಕ್ಕೆ. ಆಗಸ್ಟ್ ಇಡೀ ತಿಂಗಳಲ್ಲಿ ಒಂದೇ ಒಂದು ದಿನ. ಓಣಂ ಮುಂಚಿನ ವಾರಗಳಲ್ಲಿ ನಮ್ಮ ಸೀಮೆಯ ಚೆಂಡುಹೂವು ಲಾರಿಗಟ್ಟಲೆ ಕೇರಳಕ್ಕೆ ಹೋಗುತ್ತದೆ. ಹೂ ಕೀಳಲು ಕೈಗಳು ಸಾಲುವುದಿಲ್ಲ. ತಾಯಿಯನ್ನು ಕೇಳಿದಾಗ ಬಂದ ಉತ್ತರ ಇವತ್ತಿಗೂ ನನ್ನ ಡೈರಿಯಲ್ಲಿದೆ.

"ಬರಾಕೇನೋ ಬತ್ತೀವಿ ಮೇಡಮ್ಮೋರೆ. ಟಿಕೀಟು ನಂಗಿಲ್ಲ, ಇವನಿಗೆ ಅರ್ಧ. ಆದ್ರೆ ಕೂಲಿಗೆ ಅರ್ಧ ದಿನ ಅಂತ ಇಲ್ವಲ್ಲ. ಮಧ್ಯಾಹ್ನ ಎದ್ದು ಬಂದ್ರೆ ಮುನ್ನೂರೈವತ್ತೂ ಹೋಯ್ತದೆ, ಮಾರನೆ ದಿನ ಮೇಸ್ತ್ರಿ ಬೇರೇರ್ನ ಕರೀತಾನೆ."

ನಮ್ಮ ಸಮಿತಿಯಲ್ಲಿ ಈ ವಿಷಯ ಇಟ್ಟೆ. ತಾಯಿಗೆ ಆ ದಿನದ ಕೂಲಿ ಕಟ್ಟಿಕೊಟ್ಟರೆ ಹೇಗೆ ಎಂದು ಕೇಳಿದೆ. ದುಡ್ಡು ಕೊಟ್ಟು ಮಗುವನ್ನು ಪಾಠಕ್ಕೆ ಕರೆಸುವುದು ಸರಿಯಲ್ಲ ಎಂದರು ಒಬ್ಬರು. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲೂ ಅದೇ ಅಳುಕಿತ್ತು, ಒತ್ತಾಯ ಮಾಡಲಿಲ್ಲ. ಅದು ನಮ್ಮ ತಪ್ಪು. ಮಗುವಿನ ಪಾಠದ ನಿಜವಾದ ಖರ್ಚನ್ನು ಆ ಐದು ತಿಂಗಳು ಊರಿನ ಒಬ್ಬ ಕೂಲಿ ಹೆಂಗಸು ಹೊತ್ತಿದ್ದಳು, ದಾನಿಗಳ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಅದೇ ಹೊತ್ತಿಗೆ ಒಂದು ಕಂಪನಿಯಿಂದ 12 ಟ್ಯಾಬ್ಲೆಟ್‌ಗಳು ಬಂದವು. ಒಟ್ಟು ಒಂದೂವರೆ ಲಕ್ಷದ ಬಾಬ್ತು. ಕೊಟ್ಟವರ ಮನಸ್ಸು ಒಳ್ಳೆಯದು, ನಾವೂ ಸಂತೋಷದಿಂದಲೇ ತೆಗೆದುಕೊಂಡೆವು. ಒಳಗಿದ್ದ ಆಟಗಳು ಇಂಗ್ಲಿಷ್ ಅಕ್ಷರದ ಸದ್ದುಗಳನ್ನು ಕಲಿಸುವಂಥವು. ಕನ್ನಡದ ಗುಣಿತಕ್ಕೂ ಒತ್ತಕ್ಷರಕ್ಕೂ ಅದರಲ್ಲಿ ಏನೂ ಇರಲಿಲ್ಲ. ಹುಡುಗ ಅದರಲ್ಲಿ ಚಿತ್ರ ಬರೆದ, ಬಣ್ಣ ತುಂಬಿದ. ದಸರಾ ರಜೆ ಮುಗಿಯುವ ಹೊತ್ತಿಗೆ ಅವು ಬೀರು ಸೇರಿದವು. ವಿಶೇಷ ಶಿಕ್ಷಕಿಯ ಸಂಬಳ ತಿಂಗಳಿಗೆ 18,000. ಟ್ಯಾಬ್ಲೆಟ್ಟಿನ ಹಣದಲ್ಲಿ ಅವರನ್ನು ಎಂಟು ತಿಂಗಳು ಇಟ್ಟುಕೊಳ್ಳಬಹುದಿತ್ತು.

ಡಿಸೆಂಬರಿನಲ್ಲಿ ನಡೆದದ್ದನ್ನು ಬರೆಯುವುದು ಕಷ್ಟ. ವರ್ಷದ ಕೊನೆಗೆ ದಾನಿಗಳಿಗೆ ಕಳಿಸುವ ವರದಿಗೆ 'ಮೊದಲು' ಮತ್ತು 'ಈಗ' ಎಂದು ತೋರಿಸಲು ಏನಾದರೂ ಬೇಕೆಂದು, ನಾನೇ ಅವನ ಉಕ್ತಲೇಖನದ ಪುಸ್ತಕದ ಫೋಟೊ ತೆಗೆದೆ. ಪುಟದ ಪಕ್ಕದಲ್ಲಿ ರಟ್ಟಿನ ಮೇಲಿನ ಲೇಬಲ್ಲೂ ಬಿದ್ದಿತ್ತು: ಹೆಸರು, ತರಗತಿ, ಶಾಲೆ. ನನ್ನ ಕಣ್ಣಿಗೆ ಅದು ಬೀಳಲಿಲ್ಲ. ವರದಿ ವಾಟ್ಸ್ಯಾಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗಿ, ಎರಡು ವಾರದೊಳಗೆ ಅದೇ ಊರಿನ ಗುಂಪಿಗೆ ಬಂತು. ತರಗತಿಯ ಹುಡುಗರು ಅವನನ್ನು 'ಸೇನಹ' ಎಂದು ಕರೆಯತೊಡಗಿದರು.

ಅವನು ಪಾಠಕ್ಕೆ ಬರುವುದನ್ನು ನಿಲ್ಲಿಸಿದ. ಶಾಲೆಗೂ ಹತ್ತು ದಿನ ಹೋಗಲಿಲ್ಲ. ನಾನು ಮನೆಗೆ ಹೋದೆ. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದವನು, ನನ್ನ ಮುಖ ನೋಡದೆ ಕೇಳಿದ: "ನಾನ್ ಬರ್ದಿದ್ದ ಯಾಕ್ ಎಲ್ರಿಗೂ ತೋರ್ಸುದ್ರಿ?" ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪಾಯಿತು ಎಂದೆ. ತಾಯಿ ಕಾಫಿ ತಂದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಮ್ಮಲ್ಲಿ ಮಗುವಿನ ಫೋಟೊ ಇಲ್ಲ, ಪುಸ್ತಕದ ಫೋಟೊ ಇಲ್ಲ, ಹೆಸರಿಲ್ಲ. ಇದರಿಂದ ಇಬ್ಬರು ದಾನಿಗಳು ದೂರವಾದರು. ಕೊಟ್ಟದ್ದು ಕಣ್ಣಿಗೆ ಕಾಣಬೇಕೆಂದು ಅವರಿಗೆ ಅನ್ನಿಸುವುದು ಸಹಜ, ಆದರೆ ಈ ಕೆಲಸದಲ್ಲಿ ಕೊಡಬೇಕಾದದ್ದು ಬಹುಪಾಲು ಸಮಯ. ಅದರ ಫೋಟೊ ತೆಗೆಯಲು ಬರುವುದಿಲ್ಲ.

ಶಿಕ್ಷಕಿ ಊರಿಗೆ ಹೋದದ್ದು

2024ರ ಫೆಬ್ರವರಿಯಲ್ಲಿ ಮೇಷ್ಟ್ರೇ ಒಂದು ಮಾತು ಹೇಳಿದರು: "ಐದು ತಿಂಗಳು ಹುಡುಗನ್ನ ಬಸ್ಸು ಹತ್ತಿಸಿದ್ರಿ. ನಿಮ್ಮ ಮಿಸ್ಸನ್ನೇ ಬಸ್ಸು ಹತ್ತಿಸಿದ್ರೆ?" ಅವರಿಗೂ ಟಿಕೆಟ್ ಇಲ್ಲ ತಾನೇ. ಇಷ್ಟು ಸರಳವಾದದ್ದು ನಮಗೆ ಹೊಳೆಯದೆ ಹೋದದ್ದು ಯಾಕೆ ಎಂದು ಈಗ ಕೇಳಿಕೊಂಡರೆ ಒಂದೇ ಕಾರಣ ಕಾಣುತ್ತದೆ. ನಮಗೆ ಒಂದು ಕೇಂದ್ರವಿತ್ತು, ಅದಕ್ಕೆ ಬೋರ್ಡಿತ್ತು, ಮಕ್ಕಳು ಅಲ್ಲಿಗೆ ಬರಬೇಕು ಎಂಬುದನ್ನು ನಾವು ಪ್ರಶ್ನಿಸಿಯೇ ಇರಲಿಲ್ಲ.

ಶಾಲೆಯಲ್ಲೇ ಪಾಠ ಬೇಡ, ಎಲ್ಲರೂ ನೋಡುತ್ತಾರೆ ಎಂದ ಹುಡುಗ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಮೇಲ್ವಿಚಾರಕರು ಸಂಜೆ ಒಂದು ಮೂಲೆ ಬಿಟ್ಟುಕೊಟ್ಟರು. ಅಲ್ಲಿ ಕೂತರೆ ಹುಡುಗ ಲೈಬ್ರರಿಗೆ ಬಂದಂತೆ ಕಾಣುತ್ತದೆ, ಅಷ್ಟೇ. ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ.

ಕನ್ನಡ ಓದಲು ಕಲಿಯುವುದು ಹೇಗೆ ನಡೆಯುತ್ತದೆ ಎಂಬುದು ದಾನ ಕೊಡುವವರಿಗೂ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ವರ್ಣಮಾಲೆಯಲ್ಲಿ 49 ಅಕ್ಷರ. ಆದರೆ 34 ವ್ಯಂಜನಗಳ ಗುಣಿತ ಎಣಿಸಿದರೆ ಕಣ್ಣಿಗೆ ಬೀಳುವ ರೂಪಗಳು 400 ದಾಟುತ್ತವೆ, ಒತ್ತಕ್ಷರ ಇನ್ನೂ ಬಂದಿಲ್ಲ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಅಕ್ಷರಗಳು ಮಕ್ಕಳಿಗೆ ಪೂರ್ತಿ ಕೈವಶವಾಗುವುದು ನಿಧಾನ, ನಾಲ್ಕನೇ ತರಗತಿಯಲ್ಲೂ ಆ ಕಲಿಕೆ ನಡೆದೇ ಇರುತ್ತದೆ ಎಂದು ತೋರಿಸಿದ್ದಾರೆ. ತೊಡಕಿಲ್ಲದ ಮಕ್ಕಳ ಮಾತೇ ಇದು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಮೂರು ತಿಂಗಳ ಶಿಬಿರ ಮಾಡಿ ಮುಗಿಸುತ್ತೇವೆ ಎಂದು ಯಾರಾದರೂ ಯೋಜನೆ ಬರೆದರೆ ಅದನ್ನು ನಂಬಬೇಡಿ.

ಶಿಕ್ಷಕಿ ಮೊದಲ ತಿಂಗಳು ಪುಸ್ತಕವನ್ನೇ ತೆರೆಯಲಿಲ್ಲ. ಹುಣಸೆ ಬೀಜ ಇಟ್ಟುಕೊಂಡು ಸದ್ದಿನ ಆಟ. 'ಹಣ್ಣು' ಎಂದರೆ ಎಷ್ಟು ಸದ್ದು? ಹ, ಣ್, ಣು. ಮೂರು ಬೀಜ. 'ಹಣು' ಎಂದರೆ ಎರಡು. ತಾನು ಬರೆದದ್ದು ಮತ್ತು ಬರೆಯಬೇಕಿದ್ದದ್ದು ಬೇರೆ ಬೇರೆ ಎಂದು ಅವನಿಗೆ ಕೈಯಲ್ಲಿ ತಿಳಿದದ್ದು ಆಗಲೇ. ಎರಡನೇ ತಿಂಗಳು ತಟ್ಟೆಯಲ್ಲಿ ರಾಗಿ ಹರಡಿ, ಬೆರಳಿನಿಂದ ಬರೆಯುತ್ತ ಬಾಯಲ್ಲಿ ಹೇಳುವುದು. ಕಣ್ಣು, ಕಿವಿ, ಬೆರಳು, ಬಾಯಿ ನಾಲ್ಕೂ ಒಟ್ಟಿಗೆ ಕೆಲಸ ಮಾಡುವ ಈ ಕ್ರಮವನ್ನು ಅಮೆರಿಕದ ಆರ್ಟನ್ ಮತ್ತು ಗಿಲ್ಲಿಂಗ್‌ಹ್ಯಾಮ್ ಹೆಸರಿನಲ್ಲಿ ಜಗತ್ತು ಬಲ್ಲದು. ನಮ್ಮ ಕೂಲಿಮಠದ ಐಗಳು ಮರಳಿನ ಮೇಲೆ ಕೈಹಿಡಿದು ತಿದ್ದಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಆ ಕಾಲದ ಬೆತ್ತವನ್ನು ಬಿಟ್ಟು ಬೆರಳನ್ನು ಇಟ್ಟುಕೊಂಡೆವು.

ಒತ್ತಕ್ಷರಕ್ಕೆ ಐದು ತಿಂಗಳು ಹಿಡಿಯಿತು. ಮೊದಲು ಸಜಾತಿ: ಅಕ್ಕ, ಅಪ್ಪ, ಬೆಕ್ಕು. ಆಮೇಲೆ ವಿಜಾತಿ. ಹೆಚ್ಚಿನ ಒತ್ತುಗಳು ಮೂಲ ಅಕ್ಷರದಂತೆಯೇ ಕಾಣುತ್ತವೆ, ತಲೆಕಟ್ಟು ಮಾತ್ರ ಇರುವುದಿಲ್ಲ. ತ, ನ, ಮ, ಯ, ರ, ಲ ಇವುಗಳ ಒತ್ತು ಹಾಗಲ್ಲ, ಮೂಲದ ಹೋಲಿಕೆಯೇ ಇಲ್ಲ. ಶಿಕ್ಷಕಿ ಈ ಆರಕ್ಕೆ ಮಾತ್ರ ಕೆಂಪು ಚೀಟಿ ಮಾಡಿದರು. 'ಸೂರ್ಯ' ಕೊನೆಗೆ ಬಂತು. ಅರ್ಕಾವೊತ್ತನ್ನು ಬರೆಯುವುದು 'ಯ' ಆದಮೇಲೆ, ಹೇಳುವುದು 'ಯ'ಗಿಂತ ಮೊದಲು. ಎಡದಿಂದ ಬಲಕ್ಕೆ ಹೋಗುವುದನ್ನೇ ಕಷ್ಟಪಟ್ಟು ರೂಢಿಸಿಕೊಂಡ ಮಗುವಿಗೆ ಇದು ಮೋಸದಂತೆ ಕಾಣುತ್ತದೆ. ಅವನು ಸಿಟ್ಟಿನಿಂದ ಕೇಳಿದನಂತೆ: "ಮೊದ್ಲು ಹೇಳಾದ್ನ ಮೊದ್ಲೇ ಯಾಕ್ ಬರೀಬಾರ್ದು ಮಿಸ್?" ಬರೆಯಬಹುದು. 'ರ'ದ ಕೆಳಗೆ 'ಯ' ಒತ್ತು ಕೊಟ್ಟು ಬರೆಯುವ ರೂಢಿಯೂ ಕನ್ನಡದಲ್ಲಿ ಉಂಟು. ಅವನಿಗೆ ಅದನ್ನೇ ಕಲಿಸಿದೆವು, ಓದುವಾಗ ಮಾತ್ರ ಎರಡನ್ನೂ ಗುರುತಿಸಲಿ ಎಂದು. ಮೇಷ್ಟ್ರು ಒಪ್ಪಿ ಅದಕ್ಕೆ ರೈಟ್ ಹಾಕಿದರು.

2024ರ ಫೆಬ್ರವರಿಯಿಂದ 2025ರ ಮೇವರೆಗೆ 146 ಪಾಠಗಳಾದವು. ಹುಡುಗ ತಪ್ಪಿಸಿಕೊಂಡದ್ದು ಒಂಬತ್ತು. ತಾಯಿಯ ಒಂದು ದಿನದ ಕೂಲಿಯೂ ಹೋಗಲಿಲ್ಲ.

ಲೆಕ್ಕ

ಶಿಕ್ಷಕಿ ಈಗ ಮೂರು ಊರುಗಳಲ್ಲಿ ಎಂಟು ಮಕ್ಕಳಿಗೆ ಕಲಿಸುತ್ತಾರೆ. ಒಂದು ಮಗುವಿಗೆ ತಿಂಗಳಿಗೆ 2,250 ರೂಪಾಯಿ ಬೀಳುತ್ತದೆ. ಹುಣಸೆ ಬೀಜ, ರಾಗಿ, ರಟ್ಟು, ಚೀಟಿ ಎಲ್ಲ ಸೇರಿ ವರ್ಷಕ್ಕೆ ಸಾವಿರವೂ ಇಲ್ಲ.

ಟ್ಯಾಬ್ಲೆಟ್ ಕೊಟ್ಟ ಕಂಪನಿಯ ಬಳಿಗೇ ಮತ್ತೆ ಹೋಗಿ, ಈ ಸಲ ಸಂಬಳ ಕೊಡಿ ಎಂದೆ. "ಸಂಬಳ ಅಂದ್ರೆ ಅಡ್ಮಿನ್ ಖರ್ಚಾಗುತ್ತೆ ಮೇಡಂ, ಶೇ 5 ಮಿತಿ ಇದೆ" ಎಂದರು ಅಲ್ಲಿನ ಅಧಿಕಾರಿ. ಈ ತಿಳಿವಳಿಕೆ ಬಹಳ ಕಡೆ ಇದೆ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ಯಾವುದಕ್ಕೆಲ್ಲ ಮಾಡಬಹುದು ಎಂಬ ಏಳನೇ ಅನುಸೂಚಿಯಲ್ಲಿ ವಿಶೇಷ ಶಿಕ್ಷಣ ಎಂದು ಸ್ಪಷ್ಟವಾಗಿಯೇ ಇದೆ. ಶೇ 5ರ ಮಿತಿ ಇರುವುದು ಕಂಪನಿ ತನ್ನ ಕಚೇರಿಯಲ್ಲಿ ಈ ಕೆಲಸದ ಆಡಳಿತಕ್ಕೆ ಮಾಡುವ ಖರ್ಚಿಗೆ. ಯೋಜನೆಯನ್ನು ನಡೆಸಲು ನೇರವಾಗಿ ತಗಲುವ ಖರ್ಚು ಅದರಲ್ಲಿ ಬರುವುದಿಲ್ಲ ಎಂದು 2021ರ ತಿದ್ದುಪಡಿ ನಿಯಮಗಳೇ ಹೇಳುತ್ತವೆ. ಮಗುವಿನ ಎದುರು ಕೂತು ಕಲಿಸುವವರ ಸಂಬಳವೇ ಇಲ್ಲಿ ಯೋಜನೆ. ಆ ಪುಟವನ್ನು ಅಚ್ಚು ಹಾಕಿಸಿಕೊಂಡು ಹೋಗಿ ಅವರ ಮುಂದಿಟ್ಟೆ. ಅಧಿಕಾರಿ ತಾಳ್ಮೆಯಿಂದ ಓದಿದರು, ಮೇಲಿನವರಿಗೆ ಬರೆದರು. ಒಂದು ವರ್ಷಕ್ಕೆ ಒಪ್ಪಿಗೆ ಬಂತು. ಉಳಿದದ್ದನ್ನು ತಿಂಗಳಿಗೆ ಐನೂರರಂತೆ ಕೊಡುವ ನಿವೃತ್ತ ಶಿಕ್ಷಕರು, ಬ್ಯಾಂಕಿನವರು ತುಂಬುತ್ತಿದ್ದಾರೆ. ಅವರು ಯಾರೂ ಈವರೆಗೆ ಫೋಟೊ ಕೇಳಿಲ್ಲ.

ಹುಡುಗ ಈಗ ಎಲ್ಲಿದ್ದಾನೆ? ಮೊದಲ ತಪಾಸಣೆಯಲ್ಲಿ ಎರಡನೇ ತರಗತಿಯ 40 ಪದಗಳ ಪಾಠವನ್ನು ನಾಲ್ಕು ನಿಮಿಷ ಓದಿ 22 ತಪ್ಪು ಮಾಡಿದ್ದ. ಈ ಮೇ ತಿಂಗಳಲ್ಲಿ ನಾಲ್ಕನೇ ತರಗತಿಯ 60 ಪದಗಳನ್ನು ಎರಡು ನಿಮಿಷದಲ್ಲಿ ಓದಿದ, ತಪ್ಪು ಆರು. ಏಳನೇ ತರಗತಿಗೆ ಇದು ಸಾಲದು. ದೀರ್ಘ ಈಗಲೂ ಕೈತಪ್ಪುತ್ತದೆ. ಇಂಗ್ಲಿಷ್ ಓದು ಇನ್ನೂ ಶುರುವಾದಂತೆಯೇ ಇಲ್ಲ. ಪರೀಕ್ಷೆಯಲ್ಲಿ ಮೇಷ್ಟ್ರು ಪ್ರಶ್ನೆಗಳನ್ನು ಓದಿ ಹೇಳುತ್ತಾರೆ, ವಿಜ್ಞಾನ ಮತ್ತು ಸಮಾಜಕ್ಕೆ ಬಾಯಿಮಾತಿನ ಉತ್ತರ ತೆಗೆದುಕೊಳ್ಳುತ್ತಾರೆ. ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಹೆಚ್ಚುವರಿ ಸಮಯ ಕೇಳಲು ಪ್ರಮಾಣಪತ್ರ ಕೈಯಲ್ಲಿದೆ. ಅವನನ್ನು 'ಸೇನಹ' ಎಂದು ಈಗ ಯಾರೂ ಕರೆಯುವುದಿಲ್ಲ ಎಂದು ಅಕ್ಕ ಹೇಳಿದಳು. ಅವನನ್ನು ನಾನು ಕೇಳಿಲ್ಲ.

ಒಂದು ಕೆಲಸ ಬಾಕಿ ಉಳಿದಿದೆ. ಕಳೆದ ಬೇಸಿಗೆಯಲ್ಲಿ ತಂದೆ ಅರಿವು ಕೇಂದ್ರದ ಮೆಟ್ಟಿಲ ಮೇಲೆ ಕೂತು ಪಾಠ ಕೇಳಿಸಿಕೊಳ್ಳುತ್ತಿದ್ದರಂತೆ. ಒಂದು ಸಂಜೆ ಶಿಕ್ಷಕಿಯನ್ನು ಕೇಳಿದರು: "ಈ ವಯಸ್ಸಲ್ಲಿ ನಂಗೂ ಬಂದಾತಾ ಮಿಸ್ಸಮ್ಮ?" ಬರುತ್ತದೆ. ಆದರೆ ನಮಗೆ ಬಂದ ಹಣವೆಲ್ಲ ಮಕ್ಕಳಿಗೆಂದು ಬರೆದುಕೊಟ್ಟದ್ದು, ಮೂವತ್ತೆಂಟರ ಟ್ರಾಕ್ಟರ್ ಚಾಲಕನಿಗೆ ಅದರಲ್ಲಿ ಜಾಗವಿಲ್ಲ. ಶಿಕ್ಷಕಿ ಶನಿವಾರ ಅರ್ಧ ಗಂಟೆ ತಾವಾಗಿ ಕೊಡುತ್ತಿದ್ದಾರೆ. ಅದನ್ನು ಹಾಗೆ ಪುಕ್ಕಟೆಯಾಗಿ ನಡೆಯಲು ಬಿಡಬಾರದು ಎಂದು ಈ ವರ್ಷದ ಅಂದಾಜು ಪಟ್ಟಿಯಲ್ಲಿ 'ದೊಡ್ಡವರ ಪಾಠ' ಎಂಬ ಸಾಲೊಂದನ್ನು ಸೇರಿಸಿದ್ದೇನೆ. ಹಣ ಯಾರು ಕೊಡುತ್ತಾರೋ ಹುಡುಕಬೇಕು.

ಅದೇ ಪಟ್ಟಿಯಲ್ಲಿ ಇನ್ನೊಂದು ತಿದ್ದುಪಡಿಯೂ ಇದೆ. ಆಗಸ್ಟ್‌ನಲ್ಲಿ ಮತ್ತೊಂದು ತಪಾಸಣೆಗೆ ಮೈಸೂರಿಗೆ ಹೋಗಬೇಕು. ತಾಯಿಯ ಎರಡು ದಿನದ ಕೂಲಿ 700 ರೂಪಾಯಿ ಎಂದು ಈ ಸಲ ಮೊದಲೇ ಬರೆದಿಟ್ಟಿದ್ದೇನೆ, ಸಮಿತಿ ಒಪ್ಪಿದೆ. ಹುಡುಗನಿಗೆ ಹನ್ನೆರಡು ತುಂಬಿತು. ಅವನ ಹೆಸರಿನ ಮುಂದಿದ್ದ ಅರ್ಧ ಟಿಕೆಟ್ ಹೊಡೆದು ಫುಲ್ ಟಿಕೆಟ್ ಎಂದು ಮಾಡಿದ್ದೇನೆ.